ಎಡ ರೆಕ್ಕೆಯ ಮುಳ್ಳು

ಜೋಗೇಶ್ವರಿ, ಮುಂಬಯಿ
ಸೋಮವಾರ, ೧೫ ಅಕ್ಟೋಬರ್ ೧೯೭೩

ನಾಟಕ ಕಂಪನಿಯ ಡೇರೆಯಲ್ಲಿ, ಮೂರನೆಯ ಅಂಕಕ್ಕೆ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಹುಟ್ಟಿ, ಅವ್ವನ ಪಾತ್ರವನ್ನು ಬೇರೊಬ್ಬಳ ಪಾಲು ಮಾಡಿದ ನನ್ನ ಮುದ್ದು ಮಗಳು ವಿನೋದಿನಿಗೆ, ನಿನ್ನ ಅವ್ವ ಕಸ್ತೂರಿಬಾಯಿ ಎರಡೂ ಕೈ ಎತ್ತಿ ಹರಸಿ ಬರೆಯುವುದು.

ನಾವು ಇಲ್ಲಿ ಕ್ಷೇಮ. ಇಷ್ಟು ಬರೆದ ಮೇಲೆ ಕೈ ಸ್ವಲ್ಪ ಹೊತ್ತು ನಿಂತಿತು. ಇರಲಿ, ಇವತ್ತಿನ ಮಟ್ಟಿಗೆ ಅದು ನಿಜ. ಬರೆದದ್ದನ್ನು ಹೊಡೆದುಹಾಕುವುದಿಲ್ಲ.

ದೀಪಾವಳಿಗೆ ನೀನು ಬರಲೇಬೇಕು. ಅಳಿಯಂದಿರಿಗೆ ರಜೆ ಸಿಗದಿದ್ದರೆ ನೀನೊಬ್ಬಳೇ ಸೊಲ್ಲಾಪುರದಲ್ಲಿ ಗಾಡಿ ಹತ್ತು, ದಾದರಿಗೆ ನಾನೇ ಬಂದು ಇಳಿಸಿಕೊಳ್ಳುತ್ತೇನೆ. ಆದರೆ ಒಂದು ಮಾತು. ಪಾಡ್ಯದ ದಿನ ನಿನ್ನನ್ನು ಜುಹೂಕ್ಕೆ ಕರೆದುಕೊಂಡು ಹೋಗಿ, ತಾವೇ ಕಟ್ಟಿದ ವಿಮಾನದಲ್ಲಿ ಪಕ್ಕಕ್ಕೆ ಕೂಡಿಸಿಕೊಂಡು ಹಾರಿಸುತ್ತೇನೆ ಎಂದು ನಿಮ್ಮಪ್ಪ ಬರೆದಿದ್ದಾರಲ್ಲ, ಆಗ ನೀನು ಒಲ್ಲೆ ಎನ್ನಬೇಕು. ಕಿವಿ ಸೋರುತ್ತದೆ ಎನ್ನು. ಇಲ್ಲವೇ ಅತ್ತೆಯವರು ಆಣೆ ಹಾಕಿಸಿಕೊಂಡಿದ್ದಾರೆ ಎನ್ನು. ನಿನಗೆ ನಟನೆ ಬರುವುದಿಲ್ಲ, ನನಗೆ ಗೊತ್ತು. ಸುಳ್ಳು ಹೇಳುವಾಗ ಮೂಗಿನ ತುದಿ ಮುಟ್ಟಿಕೊಳ್ಳುತ್ತೀ. ಆದ್ದರಿಂದ ಈಗಿನಿಂದಲೇ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡು.

ಯಾಕೆ ಎಂದು ಕೇಳುತ್ತೀ. ಈ ತಿಂಗಳಲ್ಲಿ ಜುಹೂದ ಕಡಲಗಾಳಿ ಸರಿಯಿರುವುದಿಲ್ಲ, ಅದಕ್ಕೆ.

ಇಲ್ಲ ಮಗಳೇ, ಗಾಳಿ ಚೆನ್ನಾಗಿಯೇ ಇದೆ. ಮಳೆಗಾಲ ಮುಗಿದ ಮೇಲೆ ಇಷ್ಟು ಒಳ್ಳೆಯ ಗಾಳಿ ವರ್ಷದಲ್ಲೇ ಇರುವುದಿಲ್ಲ ಎಂದು ನಿಮ್ಮಪ್ಪ ದಿನಾ ಹೇಳುತ್ತಾರೆ. ಇನ್ನು ಪರದೆ ಎತ್ತದೆ ಗತಿಯಿಲ್ಲ. ಎತ್ತುತ್ತೇನೆ. ನೀನು ಮಾತ್ರ ಇದನ್ನು ಅತ್ತೆಯವರ ಎದುರು ಓದಬೇಡ. ಕನ್ನಡ ಓದುವಾಗ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುವ ಚಾಳಿ ನಿನಗಿದೆ. ಬಾಗಿಲು ಹಾಕಿಕೊಂಡು ಓದು.

ನಮ್ಮ ಪ್ಲೈವುಡ್ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಆ ವಿಮಾನದ ಮೈ ಕಟ್ಟುವುದನ್ನು ನೀನೇ ನೋಡಿದ್ದೀ. ರೆಕ್ಕೆಗಳು ಆಗ ನಮ್ಮ ಕಂಪನಿಯ ಹಳೆಯ ಅರಣ್ಯದ ಪರದೆಗಳ ಹಾಗೆ ಗೋಡೆಗೆ ಒರಗಿ ನಿಂತಿದ್ದವು. ರಂಗಮಂಟಪಕ್ಕೆ ಹಲಗೆ ಹಾಕಲು ಬಂದ ಬೆಳಗಾವಿಯ ಮರದ ವ್ಯಾಪಾರಿ ಅಣವೀರಪ್ಪ, ಒಂದು ದಿನ ಹಲಗೆಗೆ ರೆಕ್ಕೆ ಹಚ್ಚಿ ಮೇಲೆ ಹೋಗುತ್ತಾರೆ ಎಂದು ಅಂದು ಯಾರಾದರೂ ಹೇಳಿದ್ದರೆ ನಾನು ಮದುವೆಗೆ ಮುಂಚೆ ಎರಡು ಸಲ ಯೋಚಿಸುತ್ತಿದ್ದೆ. ನಿನ್ನ ಮದುವೆಯಾದ ವರ್ಷವೇ ಸರ್ಕಾರದವರು ಬಂದು ತಟ್ಟಿ, ಕುಟ್ಟಿ, ಬೆಳಕು ಬಿಟ್ಟು ನೋಡಿ ಅಪ್ಪಣೆ ಕೊಟ್ಟರು. ಬೇಸಿಗೆಯಿಡೀ ನಿಮ್ಮಪ್ಪ ಭಾನುವಾರಕ್ಕೊಮ್ಮೆ ಹಾರಿದರು. ನಾನು ಮನೆಯಲ್ಲಿ ಕೂತು, ಆಕಾಶದಲ್ಲಿ ಏನೇ ಗುಂಯ್‌ಗುಟ್ಟಿದರೂ ಒಲೆ ಸಣ್ಣ ಮಾಡಿ ಕೇಳುವುದನ್ನು ರೂಢಿಸಿಕೊಂಡೆ.

ಈ ಮಳೆಗಾಲದಲ್ಲಿ ವಿಮಾನ ನಿಂತಿದ್ದಾಗ ಅವರು ಒಂದು ಹೊಸ ವಸ್ತು ಮಾಡಿದರು. ಎಡ ರೆಕ್ಕೆಯ ಮುಂದಕ್ಕೆ ಒಂದು ಸಣ್ಣ ಕೋಲು ಚಾಚಿ, ಅದರ ತುದಿಗೆ ಹಗುರ ಮರದ ಒಂದು ಎಲೆ. ಗಾಳಿ ಎತ್ತಣಿಂದ ಬರುತ್ತದೋ ಅತ್ತ ಎಲೆ ತಿರುಗುತ್ತದೆ. ಎಲೆಗೆ ಅಂಟಿಕೊಂಡು ಒಂದು ತಂತಿಯ ಮುಳ್ಳು, ಮುಳ್ಳಿನ ಹಿಂದೆ ಅಂಗೈಯಷ್ಟು ತಗಡು, ತಗಡಿನ ಮೇಲೆ ಹಸಿರು, ಹಳದಿ, ಕೆಂಪು ಬಣ್ಣ. ಕೂತಲ್ಲಿಂದ ತಲೆ ಹೊರಳಿಸಿದರೆ ಕಾಣುತ್ತದೆ. ರೆಕ್ಕೆ ಗಾಳಿಗೆ ಎಷ್ಟು ಓರೆಯಾಗಿದೆ ಎಂದು ತೋರಿಸುವ ಅದರ ಹೆಸರು ಆಂಗಲ್ ಆಫ್ ಅಟ್ಯಾಕ್ ಇಂಡಿಕೇಟರ್. ಮನೆಯಲ್ಲಿ ನಾವು ಎಲೆ ಎನ್ನುತ್ತೇವೆ.

ವಿಮಾನ ಬರೀ ನಿಧಾನವಾಯಿತೆಂದು ಬೀಳುವುದಿಲ್ಲವಂತೆ ವಿನೋದಿನಿ. ಮೂಗು ಎತ್ತಿದಷ್ಟೂ ರೆಕ್ಕೆ ಗಾಳಿಗೆ ಓರೆಯಾಗುತ್ತದೆ. ಓರೆ ಒಂದು ಗಡಿ ದಾಟಿತೋ, ರೆಕ್ಕೆಯ ಬೆನ್ನಿನ ಮೇಲೆ ಹರಿಯುವ ಗಾಳಿ ಕೈಬಿಟ್ಟು ಹೋಗುತ್ತದೆ, ಆಮೇಲೆ ಅದು ವಿಮಾನವಲ್ಲ, ನಮ್ಮ ಅಂಗಡಿಯ ಪ್ಲೈವುಡ್. ವೇಗದ ಮೀಟರು ಇದನ್ನು ಪೂರ್ತಿ ಹೇಳಲಾರದು. ಒಬ್ಬರೇ ಕೂತಾಗ ಚೆನ್ನಾಗಿ ಹಾರುವ ವೇಗದಲ್ಲೇ, ಇಬ್ಬರು ಕೂತು ವಾಲಿ ತಿರುಗಿದರೆ ಬೀಳಬಹುದು. ಓರೆಯ ಗಡಿ ಮಾತ್ರ ಎಷ್ಟು ಭಾರವಿದ್ದರೂ ಅಷ್ಟೇ. ನಾನು ಇದನ್ನು ತಿಳಿದುಕೊಂಡದ್ದು ನನ್ನ ರೀತಿಯಲ್ಲಿ. ಟಿಕೀಟಿನ ಕಿಟಕಿಯಲ್ಲಿ ಕೂತವನು ಎಷ್ಟು ಜನ ಒಳಗೆ ಹೋದರು ಎಂದು ಹೇಳಬಲ್ಲ. ಆ ಜನ ಇನ್ನೊಂದು ಗಳಿಗೆಯಲ್ಲಿ ಶಿಳ್ಳೆ ಹೊಡೆದು ಕುರ್ಚಿ ಮುರಿಯಲಿದ್ದಾರೋ ಎನ್ನುವುದು ರಂಗದ ಮೇಲೆ ನಿಂತವಳಿಗೇ ಗೊತ್ತಾಗಬೇಕು. ಮೀಟರು ಟಿಕೀಟಿನವನು. ಎಲೆ, ನಿಂತವಳು.

ಹೀಗೆ ಹೇಳಿದಾಗ ನಿಮ್ಮಪ್ಪ ನಕ್ಕು, ಇಷ್ಟ ತಿಳದರ ಸಾಕು, ನಿನಗ ಲೈಸೆನ್ಸ್ ಕೊಡಬಹುದು ಅಂದರು. ನಾನೂ ಹಿಗ್ಗಿದೆ. ಆಗ ಕೆಂಪು ಗೆರೆಯನ್ನು ಎಲ್ಲಿ ಎಳೆಯಬೇಕು ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಅಲ್ಲೀ ತನಕ ಹೋಗಿ ನೋಡಬೇಕು, ಮತ್ತೇನ ಅಂದರು.

ಹೋಗಿ ನೋಡುವುದು ಅಂದರೆ ಏನೆಂದು ಸೆಪ್ಟೆಂಬರಿನ ಕೊನೆಯ ಭಾನುವಾರ ಜುಹೂದ ಮರಳಿನಲ್ಲಿ ನಿಂತು ಕಂಡೆ. ವಿಮಾನ ಕಡಲಿನ ಮೇಲೆ ಎಷ್ಟೋ ಎತ್ತರ ಏರಿತು. ಅಲ್ಲಿ ಅವರು ಬೇಕೆಂದೇ ಎಂಜಿನ್ನು ಸಣ್ಣ ಮಾಡಿ ಮೂಗು ಎತ್ತುತ್ತ, ಎತ್ತುತ್ತ ಹೋದರು. ಸದ್ದು ಕಡಿಮೆಯಾಯಿತು. ಒಂದು ಕ್ಷಣ ಅದು ಆಕಾಶಕ್ಕೆ ಮೊಳೆ ಹೊಡೆದು ನೇತುಹಾಕಿದ ಹಾಗೆ ನಿಂತಿತು. ಆಮೇಲೆ ಮೂಗು ಕೆಳಗೆ ಬಿತ್ತು. ರೆಕ್ಕೆ ಒಂದು ಕಡೆಗೆ ಹೊರಳಿತು. ನನ್ನ ಬಾಯಿಂದ ಹೊರಟ ಕೂಗಿಗೆ ಭೇಲ್ ಮಾಡುತ್ತಿದ್ದವನು ಕೈಯಲ್ಲಿದ್ದ ಈರುಳ್ಳಿಯನ್ನು ಮರಳಿಗೆ ಚೆಲ್ಲಿದ. ಅಷ್ಟರಲ್ಲಿ ವಿಮಾನ ತಾನಾಗಿ ಸಾವರಿಸಿಕೊಂಡು ನೆಟ್ಟಗಾಗಿತ್ತು. ಆ ಭಯ್ಯಾ, ಬಾಯೀ, ಫಿರ್ ಸೇ ಹೋ ರಹಾ ಹೈ ಎಂದ. ಹೌದು. ಮತ್ತೆ ಮೂಗು ಎತ್ತುತ್ತಿದ್ದರು. ಒಂದೇ ಸಲ ನೋಡಿದರೆ ಗೆರೆ ಖಾತ್ರಿಯಾಗುವುದಿಲ್ಲವಂತೆ. ಮತ್ತೆ ಮತ್ತೆ ಬಿದ್ದು, ಮುಳ್ಳು ಎಲ್ಲಿದ್ದಾಗ ಬಿತ್ತು ಎಂದು ತೊಡೆಯ ಮೇಲಿನ ಹಲಗೆಯಲ್ಲಿ ಗುರುತು ಹಾಕಿಕೊಂಡು, ಇಳಿದು ಬಂದು, ಅದಕ್ಕಿಂತ ಸ್ವಲ್ಪ ಈಚೆಗೆ ಕೆಂಪು ಗೆರೆ ಎಳೆದರು. ನಾನು ಆ ಮರಳಿನಲ್ಲಿ ಎಷ್ಟು ಸಲ ವಿಧವೆಯಾದೆನೋ, ಅಷ್ಟು ಸಲ ಮುತ್ತೈದೆಯೂ ಆದೆ.

ಇನ್ನು ಅಸಲು ಮಾತು. ದಸರೆಯ ಖಂಡೆ ಪೂಜೆಯಾದ ಮೇಲಿನ ಭಾನುವಾರ ಹಾರಿದಾಗ, ಮುಳ್ಳು ಬೇಗನೆ ಕೆಂಪಿಗೆ ಬರತೊಡಗಿತು. ಕಾಗೆ ಕೂತು ಬಗ್ಗಿರಬೇಕು.

ಈ ಕಾಗೆಯನ್ನು ನಾನೇ ಹಾರಿಸಿಬಿಡುತ್ತೇನೆ. ಬಗ್ಗಿಸಿದವಳು ನಾನು.

ಪೂಜೆಯ ದಿನ ಕುಂಕುಮ, ವಿಭೂತಿ, ಚೆಂಡುಹೂವು ತೆಗೆದುಕೊಂಡು ಹ್ಯಾಂಗರಿಗೆ ಹೋಗಿದ್ದೆವು. ಎಂಜಿನ್ನಿಗೆ, ಚಕ್ರಕ್ಕೆ, ಸ್ಪ್ಯಾನರುಗಳಿಗೆಲ್ಲ ಕುಂಕುಮ ಹಚ್ಚಿದೆ. ಕಾಯಿ ಒಡೆಯಲು ಕಲ್ಲು ಬೇಕೆಂದು ನಿಮ್ಮಪ್ಪ ಹೊರಗೆ ಹೋದರು. ನಾನು ಎಡ ರೆಕ್ಕೆಯ ಹತ್ತಿರ ಹೋಗಿ, ಮುಳ್ಳಿಗೂ ಕುಂಕುಮ ಹಚ್ಚಿ, ಅದನ್ನು ಕೆಂಪಿನ ಕಡೆಗೆ ಒಂದಿಷ್ಟು ಬಗ್ಗಿಸಿದೆ. ಕೆಡಿಸಬೇಕೆಂದಲ್ಲ ತಾಯಿ, ದೇವರ ಮೇಲೆ ಆಣೆ. ನಮ್ಮ ಮನೆಯ ಗೋಡೆ ಗಡಿಯಾರವನ್ನು ಮುಂದಕ್ಕೆ ತಿರುಗಿಸಿ ಇಟ್ಟಿರುತ್ತೇನಲ್ಲ, ಲೋಕಲ್ ತಪ್ಪಬಾರದೆಂದು, ಅದೇ ಬುದ್ಧಿ. ಈ ಚಾಳಿನ ಎಲ್ಲ ಮನೆಗಳಲ್ಲೂ ಗಡಿಯಾರ ಮುಂದೆಯೇ. ಎಲೆ ಸ್ವಲ್ಪ ಮೊದಲೇ ಅಂಜಿಸಿದರೆ ಇವರು ಸ್ವಲ್ಪ ಮೊದಲೇ ಅಂಜುತ್ತಾರೆ, ಗಡಿಯ ಹತ್ತಿರಕ್ಕೇ ಸುಳಿಯುವುದಿಲ್ಲ ಎಂದುಕೊಂಡೆ.

ಆ ಗಡಿಯಾರ ಏನು ಮಾಡಿತು ಎನ್ನುವುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ದಾದರಿನ ಕಾಲೇಜಿಗೆ ಹೋಗುವಾಗ ಮೊದಮೊದಲು ನೀನು ಅದನ್ನು ನೋಡಿ ಓಡುತ್ತಿದ್ದೆ. ಆಮೇಲೆ, ಅದು ಮುಂದ ಐತಿ ಬಿಡವ್ವಾ, ಭಾಳ ಟೈಮ್ ಹೈ ಅನ್ನುತ್ತ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತ ಕೂತೆ. ಗಡಿಯಾರ ಮುಂದೆ ಹೋದ ಮೇಲೆಯೇ ನಿನಗೆ ಲೋಕಲ್ ಹೆಚ್ಚು ತಪ್ಪಿತು. ಅಷ್ಟು ಕಂಡೂ ನನ್ನ ತಲೆಗೆ ಹೋಗಲಿಲ್ಲ ನೋಡು.

ಆ ಭಾನುವಾರ ಮನೆಗೆ ಬಂದವರು ಊಟಕ್ಕೆ ಕೂತಾಗ, ಕೆಂಪು ಜಲ್ದಿ ಬರಾಕತ್ತೈತಿ ಅಂದರು. ನಾನು ಸಾರು ಬಡಿಸುತ್ತಿದ್ದೆ. ಹಾಗಾದರ ಹುಷಾರಾಗಿರ್ರಿ ಅಂದೆ. ಅವರು ಒಂದೆರಡು ತುತ್ತು ತಿಂದು, ತಾವೇ ತೀರ್ಮಾನ ಹೇಳಿದರು: ಗೆರಿ ಹೊಡಿಯೂ ಮುಂದ ನಾ ಅಂಜಿದ್ದೆ ಕಾಣತೈತಿ, ಭಾಳ ಈಚೀಗೆ ಹೊಡದೇನಿ. ತಮ್ಮದೇ ತಪ್ಪು ಎಂದುಕೊಂಡರು. ಅದನ್ನು ಅಲ್ಲಿಗೇ ಬಿಟ್ಟೆ. ಅವರ ತಟ್ಟೆಗೆ ತುಪ್ಪ ಹಾಕಿದೆ.

ನಿನ್ನೆಯ ಭಾನುವಾರ ಟಿಫಿನ್ ಕ್ಯಾರಿಯರ್ ಹಿಡಿದುಕೊಂಡು ನಾನೇ ಜುಹೂಕ್ಕೆ ಹೋದೆ, ಕಣ್ಣಾರೆ ನೋಡೋಣವೆಂದು. ವಿಮಾನ ಇಳಿಯಿತು. ಎಷ್ಟು ನಿಧಾನವಾಗಿ ಇಳಿಯಿತೆಂದರೆ, ರನ್‌ವೇಯ ಮೊದಲನೆಯ ತಿರುವಿಗೇ ನಿಂತು ಹೊರಳಿಕೊಂಡು ಬಂತು. ನಿಮ್ಮಪ್ಪನ ಮುಖದ ತುಂಬ ನಗು. ಕೆಂಪು ಬಂದ ಮ್ಯಾಲೂ ಬೇಕಾದಷ್ಟು ಜಾಗಾ ಐತಿ ಕಸ್ತೂರಿ, ಈಗ ನಾ ಕೆಂಪಿನ್ಯಾಗ ಇಟಗೊಂಡ ಇಳೀತೀನಿ, ಬೆಣ್ಣಿ ಹಂಗ ಕೂಡತೈತಿ ಅಂದರು. ಪಾಡ್ಯಕ್ಕ ವಿನೂನ್ನೂ ಹಿಂಗ ಇಳಸ್ತೀನಿ ಅಂದರು. ಅಷ್ಟಂದು, ಆಫೀಸಿನಲ್ಲಿ ಸಹಿ ಹಾಕಲು ಹೋದರು.

ನಾನು ರೆಕ್ಕೆಯ ನೆರಳಿನಲ್ಲಿ ನಿಂತಿದ್ದೆ. ಆಗ ಹ್ಯಾಂಗರಿನ ಮೆಕ್ಯಾನಿಕ್ ಕೊರಗಪ್ಪ ಅರಿವೆಯಿಂದ ರೆಕ್ಕೆ ಒರೆಸುತ್ತ ಎಡತುದಿಗೆ ಬಂದ. ಉಡುಪಿ ಕಡೆಯವನು; ಅವನ ಬಾಯಿಗೆ ರಜೆಯಿಲ್ಲ. ಎಲೆಯ ಮುಂದೆ ಬಗ್ಗಿ ನೋಡಿ, ಇದೆಂತ ಅಕ್ಕಾ, ಮುಳ್ಳು ಸೊಟ್ಟ ಉಂಟಲ್ಲ ಅಂದ. ಬಹುಶಃ ಕಾಗೆ ಎಂದೆ. ಕಾಗೆ ಕೂತ್ರೆ ಎಲೆಯೇ ಮುರೀತದೆ ಮಾರಾಯ್ತಿ, ಮತ್ತೆ ಜುಹೂದ ಕಾಗೆ ಕುಂಕುಮ ಇಡ್ತದಾ, ಇಲ್ಲಿ ಬುಡದಲ್ಲಿ ಉಂಟು ನೋಡಿ ಅಂದ. ನನ್ನ ಮುಖ ನೋಡಲಿಲ್ಲ. ನೋಡದೇ ಇರುವುದರಲ್ಲೇ ಎಲ್ಲ ಹೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಎರಡು ಬೆರಳಿನಿಂದ ತಂತಿಯನ್ನು ಹಿಡಿದು, ಒಂದು ಕಣ್ಣು ಮುಚ್ಚಿ, ನೆಟ್ಟಗೆ ಮಾಡಿಬಿಟ್ಟ. ಸರಿಯಾಯ್ತು ಎಂದು ಬಲ ರೆಕ್ಕೆಗೆ ಹೋದ. ಅವರಿಗೆ ಹೇಳಿದೆಯಾ ಎಂದು ಕೇಳಿದೆ. ಇಷ್ಟಕ್ಕೆಲ್ಲ ಎಂತ ಹೇಳುದು, ಹೇಳಿದ್ರೆ ಯಾರು ಬಗ್ಗಿಸಿದ್ದು ಕೇಳ್ತಾರೆ ಅಂದ.

ಈಗ ನಿನಗೆ ಅರ್ಥವಾಯಿತಲ್ಲ, ವಿನೋದಿನಿ. ಮುಳ್ಳು ಈಗ ಕಣ್ಣಂದಾಜಿನಲ್ಲಿ ನೆಟ್ಟಗಿದೆ. ಅಂದರೆ ಕೆಂಪು ಈಗ ನಿಜವಾದ ಕೆಂಪು, ಅಥವಾ ಅದಕ್ಕೂ ಆಚೆಯದು. ಎಷ್ಟು ಎನ್ನುವುದು ಕೊರಗಪ್ಪನ ಮುಚ್ಚಿದ ಕಣ್ಣಿಗೆ ಗೊತ್ತು. ನಿಮ್ಮಪ್ಪನಿಗೆ ಕೆಂಪಿನಲ್ಲಿ ಬೇಕಾದಷ್ಟು ಜಾಗವಿದೆ ಎಂದು ರೂಢಿಯಾಗಿದೆ. ಬರುವ ಭಾನುವಾರ ನೆಲದ ಹತ್ತಿರ, ಕಡಲ ಕಡೆಯಿಂದ ವಾಲಿ ತಿರುಗಿಕೊಂಡು ಬರುವಾಗ, ಇಲ್ಲದ ಆ ಜಾಗಕ್ಕೆ ಕಾಲಿಡುತ್ತಾರೆ. ಎತ್ತರದಲ್ಲಿ ಮೂಗು ಬಿದ್ದರೆ ಕೆಳಗೆ ಬೇಕಾದಷ್ಟು ಆಕಾಶವಿರುತ್ತದೆ. ನೆಲದ ಹತ್ತಿರ ಏನಿರುತ್ತದೆ. ತೆಂಗಿನ ಮರ ಇರುತ್ತದೆ. ಪಾಡ್ಯದ ದಿನ ಪಕ್ಕದಲ್ಲಿ ನೀನಿರುತ್ತೀ.

ಇದು ಪೂರ್ತಿ ಗೊತ್ತಿರುವವಳು ಈ ಮುಂಬಯಿಯಲ್ಲಿ ನಾನೊಬ್ಬಳೇ. ಹೇಳಿಬಿಡಬಾರದೇ ಎನ್ನುತ್ತೀ. ನಿನ್ನೆಯಿಂದ ಬಾಯಿಗೆ ಬಂದದ್ದು ಬಾಯಲ್ಲೇ ಇದೆ. ಅವರ ಸಿಟ್ಟಿಗೆ ಅಂಜುತ್ತೇನೆಂದು ತಿಳಿಯಬೇಡ. ನಾನು ಕೂಗಿದರೆ ಕೆಳಗಿನ ಗಿರಣಿಯವರು ಮೆಷಿನ್ ನಿಲ್ಲಿಸಿ ಕೇಳುತ್ತಾರೆ, ಅವರ ಸಿಟ್ಟು ನನಗೆ ಯಾವ ಲೆಕ್ಕ. ಹೇಳಿದರೆ ಏನಾಗುತ್ತದೆ ಎನ್ನುವುದು ನನಗೆ ಗೊತ್ತು, ಅದಕ್ಕೇ ಹೇಳಲಾರೆ. ಬೇರೆಯವರ ಕೈ ಬಿದ್ದ ಮುಳ್ಳನ್ನು ಅವರು ನಂಬುವವರಲ್ಲ. ಮತ್ತೆ ಕಡಲಿನ ಮೇಲೆ ಹೋಗಿ, ಎಂಜಿನ್ನು ಸಣ್ಣ ಮಾಡಿ, ಮೂಗು ಎತ್ತಿ, ಬೀಳುತ್ತಾರೆ. ಮತ್ತೆ ಮತ್ತೆ ಬೀಳುತ್ತಾರೆ. ಯಾವುದನ್ನು ಮತ್ತೆ ನೋಡಬಾರದೆಂದು ನಾನು ಮುಳ್ಳು ಬಗ್ಗಿಸಿದೆನೋ, ಅದನ್ನೇ ನನ್ನ ಬಾಯಿಂದ ಮಾಡಿಸಬೇಕು. ಹೇಳದಿದ್ದರೆ ಭಾನುವಾರ. ಹೇಳಿದರೆ ಅದಕ್ಕೂ ಮುಂಚೆ.

ಮೊದಲು, ನಿನ್ನನ್ನು ಹತ್ತಲು ಬಿಡದಿದ್ದರೆ ಸಾಕು ಎಂದುಕೊಂಡು ಈ ಕಾಗದ ಹಿಡಿದೆ. ಬರೆಯುತ್ತ ಬರೆಯುತ್ತ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಮಗಳನ್ನು ಇಳಿಸಿಕೊಂಡು ಗಂಡನನ್ನು ಕಳಿಸುವ ಹೆಂಗಸಿನ ಪಾತ್ರವನ್ನು ಯಾವ ಮಾಲೀಕ ಕೊಟ್ಟಿದ್ದರೂ ನಾನು ಒಪ್ಪಿಕೊಳ್ಳುತ್ತಿರಲಿಲ್ಲ. ಟೆಲಿಗ್ರಾಂ ಕಳಿಸಿ ನಿನ್ನನ್ನೇ ಕರೆಸಿಕೊಂಡು ಹೇಳಿಸಲೇ ಎಂದೂ ಯೋಚಿಸಿದೆ. ಅದೂ ಹೇಡಿತನವೇ. ಇವತ್ತು ಅವರು ಅಂಗಡಿ ಮುಚ್ಚಿ ಬಂದು, ಕಾಲು ತೊಳೆದುಕೊಂಡು, ಚಹಾ ಕುಡಿದ ಮೇಲೆ ಹೇಳುತ್ತೇನೆ. ಚಹಾ ಕುಡಿಯುವ ಮೊದಲು ಬೇಡ.

ನಾನು ಹೇಳಲಾರದೆ ಹೋದರೆ, ಈ ಕಾಗದ ಸಿಕ್ಕ ಕೂಡಲೇ ನೀನು ಅವರಿಗೆ ತಂತಿ ಹೊಡೆ. ಮುಳ್ಳು ನಂಬಬೇಡಿ ಎಂದಷ್ಟೇ ಹೊಡೆ. ಉಳಿದದ್ದನ್ನು ನಾನು ಅನುಭವಿಸುತ್ತೇನೆ.

ಬಾಗಿಲ ಕಡೆ ನೋಡುತ್ತ ಕೂತಿರುವ,
ನಿನ್ನ ಅವ್ವ
ಕಸ್ತೂರಿಬಾಯಿ

ತಾ.ಕ.: ಇವತ್ತು ಶುಕ್ರವಾರ. ಕಾಗದವನ್ನು ಟಪಾಲಿಗೆ ಹಾಕಿರಲಿಲ್ಲ. ಈಗ ಹಾಕುತ್ತೇನೆ, ಓದಿ ಹರಿದುಬಿಡು. ಸೋಮವಾರ ಹೇಳಲಿಲ್ಲ, ಮಂಗಳವಾರವೂ ಹೇಳಲಿಲ್ಲ. ಬುಧವಾರ ಚಹಾದ ಮೊದಲೇ ಹೇಳಿಬಿಟ್ಟೆ. ಬಯ್ಯಲಿಲ್ಲ. ಯಾವ ಕಡೆ ಬಗ್ಗಿಸಿದಿ, ಎಷ್ಟು ಬಗ್ಗಿಸಿದಿ ಎಂದು ಕೇಳಿದರು, ಬೆರಳಿನಿಂದ ತೋರಿಸಿದೆ. ಬಹಳ ಹೊತ್ತು ಆ ಬೆರಳನ್ನೇ ನೋಡಿ, ನಾಳೆ ಅಂಗಡಿ ಬಂದ್, ನೀನೂ ನಡಿ ಅಂದರು. ನಾ ಯಾಕ, ನನ್ನ ಭಾರಕ್ಕ ಗೆರಿ ಬದಲಾಗತೈತೇನು ಅಂದೆ. ಗೆರಿ ಯಾರು ಕೂತರೂ ಅಷ್ಟ, ಆದರ ಒಮ್ಮೆ ನೋಡಿದರ ನೀ ಮತ್ತ ಬಗ್ಗಸೂದಿಲ್ಲ ಅಂದರು.

ಹೋದೆ. ಕಡಲು ಕೆಳಗೆ ತಗಡಿನ ಹಾಗೆ ಇತ್ತು. ಮೂಗು ಏರಿತು, ಸದ್ದು ಇಳಿಯಿತು. ಮುಳ್ಳು ಹಸಿರು ದಾಟಿ ಹಳದಿಗೆ ಬಂದಾಗ ನಾನು ಅದನ್ನು ಬಿಟ್ಟು ಅವರ ಕಡೆ ನೋಡಿದೆ. ವಿನೋದಿನಿ, ಸ್ಟಿಕ್ ಹಿಡಿದ ಅವರ ಕೈ ನಡುಗುತ್ತಿತ್ತು. ನಮ್ಮ ಕಂಪನಿಯಲ್ಲಿ ಮೊದಲ ಸಲ ಬಣ್ಣ ಹಚ್ಚಿದವರ ಕೈ ನಡುಗುವ ಹಾಗೆ, ಮಣಿಕಟ್ಟಿನ ತನಕ. ಮೂಗು ಬಿತ್ತು, ಆ ಕೂಡಲೇ ನಡುಕ ನಿಂತಿತು, ಕೈ ತನ್ನ ಕೆಲಸ ಮಾಡಿತು. ಮತ್ತೆ ಏರುವಾಗ ಮತ್ತೆ ನಡುಗಿತು. ಇಷ್ಟು ದಿನ ಈ ಮನೆಯಲ್ಲಿ ಅಂಜಿಕೆ ನನ್ನೊಬ್ಬಳದೇ ಎಂದುಕೊಂಡಿದ್ದೆ. ಅಂಜುವವರಿಗೇ ಆ ಎಲೆ ಬೇಕಾಗಿತ್ತು ಎನ್ನುವುದು ಅಲ್ಲಿ ತಿಳಿಯಿತು. ಇಳಿದ ಮೇಲೆ ಹೊಸ ಗೆರೆ ಎಳೆಯುವಾಗ ತಗಡನ್ನು ನಾನು ಹಿಡಿದುಕೊಂಡಿದ್ದೆ.

ಕಿವಿ ಸೋರುವ ಮಾತು ಬೇಡ. ಬಾ, ಪಾಡ್ಯದ ದಿನ ಹತ್ತು. ಮೇಲೆ ಹೋದ ಮೇಲೆ ಎಡ ರೆಕ್ಕೆಯ ಮುಳ್ಳನ್ನು ಎಷ್ಟು ಬೇಕಾದರೂ ನೋಡು. ಅವರ ಕೈಯನ್ನು ಮಾತ್ರ ನೋಡಬೇಡ.